ಹಾರ್ಪ್ ನುಡಿಸುವವರ ಕಾಲು ಏನು ಮಾಡುತ್ತಿರುತ್ತದೆ? ರವೇಲ್, ದೆಬ್ಯುಸಿ ಬಗ್ಗೆ ಪ್ರಶ್ನೆಗಳು

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಪಾಶ್ಚಾತ್ಯ ಸಂಗೀತ ನನಗೆ ಹೊಸದು. ಚಿಕ್ಕಂದಿನಲ್ಲಿ ಆರು ವರ್ಷ ವೀಣೆ ಕಲಿತಿದ್ದೆ, ಆಮೇಲೆ ಓದು, ಕೆಲಸ ಅಂತ ಬಿಟ್ಟುಹೋಯಿತು. ಈಗ ನೆದರ್‌ಲ್ಯಾಂಡ್ಸ್‌ನಲ್ಲಿದ್ದೇನೆ. ಹೋದ ವಾರ ಆಫೀಸಿನ ಹತ್ತಿರದ ಚರ್ಚಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಕಚೇರಿ ಇತ್ತು, ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು ಅಂತ ಬೋರ್ಡ್ ಹಾಕಿದ್ದರು. ಸುಮ್ನೆ ಒಳಗೆ ಹೋಗಿ ಎರಡನೇ ಸಾಲಿನಲ್ಲಿ ಕೂತೆ.

ಮೊದಲು ಏಳು ಜನ ಬಂದರು. ಹಾರ್ಪ್ (ನಿಲ್ಲಿಸಿಟ್ಟು ಎರಡೂ ಕೈಯಲ್ಲಿ ಮೀಟುವ ದೊಡ್ಡ ತಂತಿವಾದ್ಯ), ಫ್ಲೂಟ್, ಕ್ಲಾರಿನೆಟ್, ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ಒಂದು ವಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ. ಫ್ರಾನ್ಸ್‌ನ ಸಂಗೀತಕಾರ ರವೇಲ್‌ನ ‘ಇಂಟ್ರೊಡಕ್ಷನ್ ಅಂಡ್ ಅಲೆಗ್ರೊ’ ಅಂತ ಹೇಳಿದರು. ಹನ್ನೊಂದು ನಿಮಿಷ ಇರಬಹುದು ಅಷ್ಟೇ. ಆಮೇಲೆ ಮೂರೇ ಜನ ಉಳಿದರು, ಫ್ಲೂಟ್, ವಯೋಲಾ, ಹಾರ್ಪ್. ಅದು ಫ್ರಾನ್ಸ್‌ನವನೇ ಆದ ದೆಬ್ಯುಸಿಯ ಸೊನಾಟಾ, ಅಂದರೆ ಕೆಲವೇ ವಾದ್ಯಗಳಿಗೆ ಬರೆದ, ಹಲವು ಭಾಗಗಳಿರುವ ಕೃತಿ.

ನಾನು ಕೂತ ಜಾಗದಿಂದ ಹಾರ್ಪ್ ನುಡಿಸುವವರ ಕಾಲು ಚೆನ್ನಾಗಿ ಕಾಣುತ್ತಿತ್ತು. ಕೈ ಎಷ್ಟು ಓಡಾಡುತ್ತಿತ್ತೋ ಕಾಲೂ ಅಷ್ಟೇ ಓಡಾಡುತ್ತಿತ್ತು! ಬುಡದಲ್ಲಿ ಸುತ್ತಲೂ ಪೆಡಲ್‌ಗಳು, ಎರಡೂ ಪಾದ ಒಂದರಿಂದ ಇನ್ನೊಂದಕ್ಕೆ ಹಾರುತ್ತಿತ್ತು, ಕೆಲವು ಸಲ ಕೈ ಸುಮ್ಮನಿದ್ದಾಗಲೂ ಕಾಲು ಮಾತ್ರ ಕೆಲಸ ಮಾಡುತ್ತಿತ್ತು. ಅದೇನು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಇನ್ನೊಂದು. ರವೇಲ್ ಕೇಳುವಾಗ ಖುಷಿಯಾಯಿತು, ಮೈ ಜುಮ್ಮೆಂದಿತು. ದೆಬ್ಯುಸಿ ಮುಗಿದಾಗ ಮಾತ್ರ ಯಾಕೋ ಎದ್ದು ಆಫೀಸಿಗೆ ಹೋಗಲು ಮನಸ್ಸೇ ಬರಲಿಲ್ಲ. ಅಳುವಂಥ ರಾಗ ಒಂದೂ ಇರಲಿಲ್ಲ, ಆದರೂ ಎದೆ ಭಾರ. ಮನೆಗೆ ಬಂದು ಹುಡುಕಿದರೆ 1905ರಿಂದ 1930ರ ಒಳಗೆ ಹೀಗೆ ಹಾರ್ಪ್, ಕೊಳಲು, ತಂತಿವಾದ್ಯ ಸೇರಿಸಿ ಬರೆದ ಕೃತಿಗಳು ಒಂದರ ಹಿಂದೆ ಒಂದು ಬರುತ್ತವೆ, ಹೆಚ್ಚಿನವು ಫ್ರಾನ್ಸ್‌ನವು. ಯಾಕೆ ಅಲ್ಲೇ, ಯಾಕೆ ಆಗಲೇ? ಮುಂದೆ ಏನು ಕೇಳಲಿ?


ಹಳೇರೆಕಾರ್ಡು:

ಒಳ್ಳೆಯ ಕಚೇರಿಯನ್ನೇ ಕೇಳಿದ್ದೀರಿ. ‘ಯಾಕೆ ಆಗಲೇ’ ಅನ್ನುವುದಕ್ಕೆ ನೇರವಾದ ಉತ್ತರ ಇದೆ: ಪ್ಯಾರಿಸ್‌ನ ಎರಡು ವಾದ್ಯ ಕಂಪನಿಗಳ ಪೈಪೋಟಿ.

ಎರಾರ್ ಅಂತ ಒಂದು ಕಂಪನಿ. ಪಿಯಾನೊ ಮತ್ತು ಹಾರ್ಪ್ ಎರಡನ್ನೂ ಮಾಡುತ್ತಿತ್ತು. ನೀವು ನೋಡಿದ ಪೆಡಲ್ ಹಾರ್ಪ್ ಅವರದೇ ಕೂಸು, 1810ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಸುಮಾರು ಎಂಬತ್ತು ವರ್ಷ ಅವರದೇ ಮೇಲುಗೈ. ಆಮೇಲೆ 1890ರ ದಶಕದಲ್ಲಿ ಪ್ಲೆಯೆಲ್ ಕಂಪನಿಯ ಗುಸ್ತಾವ್ ಲಿಯೋಂ ಪೆಡಲ್ ಇಲ್ಲದ ಹಾರ್ಪ್ ಮಾಡಿದ. ಪಿಯಾನೊದ ಬಿಳಿ ಮನೆಗಳಿಗೆ ಒಂದು ಸಾಲು ತಂತಿ, ಕಪ್ಪು ಮನೆಗಳಿಗೆ ಇನ್ನೊಂದು ಸಾಲು, ಎರಡೂ ಸಾಲು ನಡುವೆ ಕತ್ತರಿಯ ಹಾಗೆ ಒಂದನ್ನೊಂದು ದಾಟುತ್ತವೆ. ಒಟ್ಟು 78 ತಂತಿ. ಇದಕ್ಕೆ ಕ್ರೊಮ್ಯಾಟಿಕ್ ಹಾರ್ಪ್ ಅಂತ ಹೆಸರು.

ಹೊಸ ವಾದ್ಯ ಮಾರಾಟ ಆಗಬೇಕಾದರೆ ಅದಕ್ಕೆ ಸಂಗೀತ ಬೇಕಲ್ವಾ? ಪ್ಲೆಯೆಲ್‌ನವರು ದೆಬ್ಯುಸಿಯ ಹತ್ತಿರ ಬರೆಸಿದರು. 1904ರಲ್ಲಿ ಅವನು ಕ್ರೊಮ್ಯಾಟಿಕ್ ಹಾರ್ಪ್ ಮತ್ತು ತಂತಿವಾದ್ಯಗಳಿಗೆ ಎರಡು ನೃತ್ಯ ಬರೆದುಕೊಟ್ಟ. ಎರಾರ್ ಸುಮ್ಮನಿರುತ್ತದೆಯೇ? ಅವರು ರವೇಲ್‌ನನ್ನು ಹಿಡಿದರು. ನೀವು ಕೇಳಿದ್ದು ಆ ಕೃತಿ, 1905ರ ಜೂನ್‌ನಲ್ಲಿ ಬರೆದದ್ದು. ಎರಾರ್‌ನ ನಿರ್ದೇಶಕ ಆಲ್ಬೇರ್ ಬ್ಲೋಂದೆಲ್‌ಗೇ ಅರ್ಪಣೆ ಮಾಡಿದ್ದಾನೆ.

ಆ ಜೂನ್ ತಿಂಗಳು ರವೇಲ್‌ಗೆ ಹೇಗಿತ್ತು ಅನ್ನುವುದನ್ನು ತಿಳಿದುಕೊಂಡು ಕೇಳಿ. ಅವನಿಗೆ ಮೂವತ್ತು ವರ್ಷ. ‘ಪ್ರಿ ದ ರೋಮ್’ ಅನ್ನುವ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಸುತ್ತಿನಲ್ಲೇ ಅವನನ್ನು ಹೊರಗೆ ಹಾಕಿದ್ದರು, ಅಷ್ಟು ಹೊತ್ತಿಗಾಗಲೇ ಅವನ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಪ್ಯಾರಿಸ್‌ನಲ್ಲಿ ಹೆಸರು ಮಾಡಿತ್ತು, ಹಾಗಾಗಿ ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯೇ ಆಯಿತು. ಕೊನೆಗೆ ಪ್ಯಾರಿಸ್‌ನ ಸಂಗೀತ ಶಾಲೆಯಾದ ಕಾನ್ಸರ್ವೇಟರಿಯ ಮುಖ್ಯಸ್ಥರೇ ಬದಲಾಗಿ ಆ ಜಾಗಕ್ಕೆ ರವೇಲ್‌ನ ಗುರು ಫೋರೆ ಬಂದರು. ಇದರ ನಡುವೆ ಸ್ನೇಹಿತರು ಹಾಲೆಂಡ್ ಕಡೆ ದೋಣಿಯಲ್ಲಿ ಸುತ್ತಾಡಲು ಕರೆದರು. ಹೊರಡುವ ಮುಂಚೆ ಈ ಕೃತಿ ಮುಗಿಸಲೇಬೇಕಿತ್ತು. ಎಂಟು ದಿನ ಬಿಡದೆ ದುಡಿದು, ಮೂರು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ ಅಂತ ಗೆಳೆಯನಿಗೆ ಕಾಗದ ಬರೆದಿದ್ದಾನೆ.

ಎಂಟು ದಿನ! ಆದರೆ ಕೇಳುವಾಗ ಎಲ್ಲಿಯೂ ಅವಸರ ಕಾಣುವುದಿಲ್ಲ. ಶುರುವಿನಲ್ಲಿ ಫ್ಲೂಟ್ ಮತ್ತು ಕ್ಲಾರಿನೆಟ್ ಎರಡೇ ಜೊತೆಯಾಗಿ ಒಂದು ಸಾಲು ಹೇಳುತ್ತವೆ, ತಂತಿವಾದ್ಯಗಳು ಮೆಲ್ಲಗೆ ಉತ್ತರ ಕೊಡುತ್ತವೆ, ಆಮೇಲಷ್ಟೇ ಹಾರ್ಪ್ ಕೆಳಗಿನಿಂದ ಮೇಲಕ್ಕೆ ಬಿಚ್ಚಿಕೊಳ್ಳುತ್ತದೆ. ಏಳೇ ಜನ ಅಂತ ನಂಬುವುದು ಕಷ್ಟ. ಮೊದಲ ಪ್ರದರ್ಶನ 1907ರ ಫೆಬ್ರವರಿ 22ರಂದು ಪ್ಯಾರಿಸ್‌ನಲ್ಲಿ, ಹಾರ್ಪ್ ನುಡಿಸಿದ್ದು ಮಿಶೆಲಿನ್ ಕಾನ್.

ಪೈಪೋಟಿಯಲ್ಲಿ ಗೆದ್ದಿದ್ದು ಎರಾರ್‌ನ ಪೆಡಲ್ ಹಾರ್ಪ್. ಪ್ಲೆಯೆಲ್‌ಗಾಗಿ ದೆಬ್ಯುಸಿ ಬರೆದ ನೃತ್ಯಗಳನ್ನೂ ಈಗ ಹೆಚ್ಚಾಗಿ ಪೆಡಲ್ ಹಾರ್ಪ್‌ನಲ್ಲೇ ನುಡಿಸುತ್ತಾರೆ.


ಏಳುಮೆಟ್ಟಿಲು:

ಕಾಲಿನ ವಿಷಯ ನಾನು ಹೇಳುತ್ತೇನೆ. ಮಗಳು ಹಾರ್ಪ್ ಕಲಿಯುತ್ತಿದ್ದಾಳೆ, ಹಾಗಾಗಿ ನಮ್ಮ ಮನೆಯ ಹಾಲ್‌ನಲ್ಲಿ ಒಂದು ನಿಂತಿದೆ. ನೀವು ವೀಣೆ ಕಲಿತವರು, ಬೇಗ ಅರ್ಥವಾಗುತ್ತದೆ.

ತಂತಿ 47. ಪೆಡಲ್ ಏಳು, ಸ್ವರಕ್ಕೆ ಒಂದು (ಅಲ್ಲಿ ಸ್ವರಗಳ ಹೆಸರು ಸಿ, ಡಿ, ಇ, ಎಫ್, ಜಿ, ಎ, ಬಿ). ಎಡಗಾಲಿಗೆ ಮೂರು, ಬಲಗಾಲಿಗೆ ನಾಲ್ಕು. ಪ್ರತಿ ಪೆಡಲ್‌ಗೂ ಮೂರು ಮೆಟ್ಟಿಲು. ಮೇಲೆ ಇದ್ದರೆ ತಂತಿ ಪೂರ್ತಿ ಉದ್ದಕ್ಕೆ ಮಿಡಿಯುತ್ತದೆ. ಒಂದು ಮೆಟ್ಟಿಲು ಕೆಳಗೆ ಒತ್ತಿದರೆ ಮೇಲಿನ ಕತ್ತಿನಲ್ಲಿರುವ ಚಿಕ್ಕ ಚಕ್ರ ತಿರುಗಿ ಅದರ ಎರಡು ಮೊಳೆ ತಂತಿಯನ್ನು ಕಚ್ಚುತ್ತದೆ, ತಂತಿ ಗಿಡ್ಡವಾಗಿ ಅರ್ಧ ಸ್ವರ ಏರುತ್ತದೆ. ಇನ್ನೊಂದು ಮೆಟ್ಟಿಲಿಗೆ ಇನ್ನೊಂದು ಚಕ್ರ, ಇನ್ನರ್ಧ ಸ್ವರ. ‘ಎಫ್’ ಪೆಡಲ್ ಒತ್ತಿದರೆ ವಾದ್ಯದಲ್ಲಿರುವ ಎಲ್ಲ ‘ಎಫ್’ ತಂತಿಗಳೂ ಒಟ್ಟಿಗೆ ಬದಲಾಗುತ್ತವೆ, ಮಂದ್ರದಿಂದ ತಾರದವರೆಗೆ.

ನಾನು ಇದನ್ನು ಮೇಳ, ಅಂದರೆ ಏಳು ಸ್ವರಗಳ ಜೋಡಣೆ, ಬದಲಾಯಿಸುವುದು ಅಂತಲೇ ನೆನಪಿಟ್ಟುಕೊಂಡಿದ್ದೇನೆ. ‘ಸಿ’ಯನ್ನು ಷಡ್ಜ ಅಂದುಕೊಳ್ಳಿ. ಏಳೂ ಪೆಡಲ್ ನಡುವಿನ ಮೆಟ್ಟಿಲಲ್ಲಿದ್ದರೆ ಶಂಕರಾಭರಣ. ‘ಎಫ್’ ಒಂದನ್ನು ಕೆಳಗೆ ಒತ್ತಿದರೆ ಶುದ್ಧ ಮಧ್ಯಮ ಹೋಗಿ ಪ್ರತಿ ಮಧ್ಯಮ, ಅಂದರೆ ಕಲ್ಯಾಣಿ. ಹಾಗೆ ಮಾಡದೆ ‘ಬಿ’ಯನ್ನು ಒಂದು ಮೇಲಕ್ಕೆ ಬಿಟ್ಟರೆ ಹರಿಕಾಂಬೋಜಿ, ಅದರ ಜೊತೆ ‘ಇ’ಯನ್ನೂ ಬಿಟ್ಟರೆ ಖರಹರಪ್ರಿಯ. ಸ್ವರಗಳ ಮಟ್ಟಿಗೆ ಮಾತ್ರ ಹೇಳುತ್ತಿದ್ದೇನೆ, ಗಮಕ ಈ ವಾದ್ಯದಲ್ಲಿ ಸಾಧ್ಯವಿಲ್ಲ, ವೀಣೆಯ ಹಾಗೆ ತಂತಿ ಎಳೆಯಲು ಆಗುವುದಿಲ್ಲ.

ಕೈ ಸುಮ್ಮನಿದ್ದಾಗ ಕಾಲು ಓಡಾಡಿದ್ದು ಅದಕ್ಕೇ. ಮುಂದಿನ ಸಾಲಿಗೆ ಬೇಕಾದ ಮೇಳವನ್ನು ಮೊದಲೇ ಕಟ್ಟಿಟ್ಟುಕೊಳ್ಳುತ್ತಿದ್ದರು. ನನ್ನ ಮಗಳು ಹಾಳೆಯಲ್ಲಿ ಸ್ವರದ ಕೆಳಗೆ ಪೆನ್ಸಿಲ್‌ನಲ್ಲಿ ಪೆಡಲ್ ಗುರುತು ಬರೆದುಕೊಳ್ಳುತ್ತಾಳೆ. ಸದ್ದಾಗದ ಹಾಗೆ ಪೆಡಲ್ ಬದಲಿಸುವುದನ್ನು ಕಲಿಯಲು ಅವಳಿಗೆ ಒಂದು ವರ್ಷಕ್ಕಿಂತ ಜಾಸ್ತಿ ಬೇಕಾಯಿತು, ಸ್ವಲ್ಪ ತಡವಾದರೂ ತಂತಿ ಕಂಪಿಸುತ್ತಿರುವಾಗಲೇ ಮೊಳೆ ಬಂದು ಕಚ್ಚಿ ಝುರ್ ಅನ್ನುತ್ತದೆ. ಎಲ್ಲ ‘ಸಿ’ ತಂತಿಗಳು ಕೆಂಪು, ‘ಎಫ್’ ತಂತಿಗಳು ಕಪ್ಪು, ಇಲ್ಲದಿದ್ದರೆ ಅಷ್ಟು ತಂತಿಯಲ್ಲಿ ಕಣ್ಣು ಕಳೆದುಹೋಗುತ್ತದೆ. ಕಿರುಬೆರಳು ಬಳಸುವುದೇ ಇಲ್ಲ, ಒಂದೊಂದು ಕೈಯಲ್ಲಿ ನಾಲ್ಕೇ ಬೆರಳು.

ಪೆಡಲ್‌ನ ನಿಜವಾದ ಚಮತ್ಕಾರ ಇರುವುದು ಅಂಗೈ ಸವರಿದ ಹಾಗೆ ತಂತಿಗಳ ಮೇಲೆ ಜಾರಿಸುವ ಗ್ಲಿಸಾಂಡೊದಲ್ಲಿ. ಪಕ್ಕಪಕ್ಕದ ಎರಡು ತಂತಿಯನ್ನು ಒಂದೇ ಸ್ವರಕ್ಕೆ ತರಬಹುದು. ‘ಸಿ’ಯನ್ನು ಅರ್ಧ ಇಳಿಸಿದರೆ ಅದೂ ‘ಬಿ’ ಆಗುತ್ತದೆ. ‘ಇ’ಯನ್ನು ಏರಿಸಿದರೆ ಅದೂ ‘ಎಫ್’. ಹೀಗೆ ಹೊಂದಿಸಿ ಏಳು ತಂತಿಯಲ್ಲಿ ನಾಲ್ಕೇ ಸ್ವರ ಉಳಿಯುವಂತೆ ಮಾಡಿಕೊಂಡು ಕೈ ಜಾರಿಸಿದರೆ, ಒಂದು ಅಪಸ್ವರವೂ ಇಲ್ಲದೆ ಇಡೀ ಸ್ವರಗುಚ್ಛ ಹರಿದು ಬರುತ್ತದೆ. ಪ್ಲೆಯೆಲ್‌ನ 78 ತಂತಿಯಲ್ಲಿ ಇದು ಆಗದು. ಅಲ್ಲಿ ಕೈ ಜಾರಿಸಿದರೆ ಬಿಳಿ ಮನೆಗಳ ಸಾಲು, ಇಲ್ಲ ಕಪ್ಪು ಮನೆಗಳ ಸಾಲು, ಎರಡೇ. ರವೇಲ್ ಅಷ್ಟೊಂದು ಗ್ಲಿಸಾಂಡೊ ಬರೆದದ್ದು ಎರಾರ್‌ನ ವಾದ್ಯಕ್ಕೆ ಮಾತ್ರ ಆಗುವುದನ್ನು ತೋರಿಸಲಿಕ್ಕೆ. ಶ್ರುತಿಯೂ ಹಾಗೇ ಆರಿಸಿಕೊಂಡಿದ್ದಾನೆ, ಕೃತಿ ‘ಜಿ ಫ್ಲ್ಯಾಟ್’ನಲ್ಲಿದೆ, ಅಂದರೆ ಅರ್ಧ ಸ್ವರ ಇಳಿಸಿದ ‘ಜಿ’ಯೇ ಅದರ ಷಡ್ಜ. ಪಿಯಾನೊ ಕಲಿಯುವವರಿಗೆ ಅದು ತೊಡಕಿನ ಶ್ರುತಿ, ಆದರೆ ಹಾರ್ಪ್‌ನಲ್ಲಿ ಏಳರಲ್ಲಿ ಆರು ಪೆಡಲ್ ಮೇಲೇ ಇರುತ್ತವೆ, ಅಂದರೆ ಹೆಚ್ಚಿನ ತಂತಿಗಳು ಪೂರ್ತಿ ಉದ್ದಕ್ಕೆ ತೆರೆದುಕೊಂಡು ಗುಂಯ್ ಅನ್ನುತ್ತವೆ. ಆ ಚರ್ಚಿನಲ್ಲಿ ನಿಮಗೆ ಮೈ ಜುಮ್ಮೆನ್ನಲು ಇದೂ ಒಂದು ಕಾರಣ.


ನಡುಸ್ಥಾಯಿ:

ನಾನು ವಯೋಲಾ ನುಡಿಸುತ್ತೇನೆ, ವೃತ್ತಿಯಲ್ಲ, ವಾರಕ್ಕೆ ಎರಡು ಸಂಜೆ. ದೆಬ್ಯುಸಿಯ ಈ ಸೊನಾಟಾ ನನಗೆ ತುಂಬಾ ಹತ್ತಿರದ್ದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

‘ಅಳುವಂಥ ರಾಗ ಒಂದೂ ಇಲ್ಲ, ಆದರೂ ಎದೆ ಭಾರ’ ಅಂದಿರಲ್ಲ, ದೆಬ್ಯುಸಿಯೇ ಹೆಚ್ಚುಕಡಿಮೆ ಅದನ್ನೇ ಹೇಳಿದ್ದಾನೆ. ರಾಬೇರ್ ಗೊದೆ ಅನ್ನುವ ಗೆಳೆಯನಿಗೆ ಬರೆದ ಕಾಗದದಲ್ಲಿ, ಇದು ವಿಪರೀತ ದುಗುಡದ ಸಂಗೀತ, ಕೇಳಿ ನಗಬೇಕೋ ಅಳಬೇಕೋ ಗೊತ್ತಿಲ್ಲ, ಬಹುಶಃ ಎರಡೂ ಅಂತ. ಅದು 1916ರ ಮಾತು.

ಬರೆದದ್ದು 1915ರಲ್ಲಿ. ಮೊದಲನೇ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಮೊದಲ ತಿಂಗಳುಗಳಲ್ಲಿ ಅವನಿಗೆ ಏನೂ ಬರೆಯಲು ಆಗಿರಲಿಲ್ಲ. ಆ ಬೇಸಿಗೆಯಲ್ಲಿ ದಿಯೆಪ್ ಊರಿನ ಪಕ್ಕ ಪೂರ್ವಿಲ್ ಅನ್ನುವ ಕಡಲ ತಡಿಯ ಹಳ್ಳಿಗೆ ಹೋದ. ಅಲ್ಲಿ ಇದ್ದಕ್ಕಿದ್ದಂತೆ ಕಟ್ಟೆ ಒಡೆದ ಹಾಗೆ ಸಂಗೀತ ಬಂತು. ಕೆಲವೇ ತಿಂಗಳಲ್ಲಿ ಚೆಲ್ಲೊ ಸೊನಾಟಾ, ಪಿಯಾನೊಗೆ ಹನ್ನೆರಡು ಎತ್ಯೂಡ್‌ಗಳು (ಅಭ್ಯಾಸದ ಕೃತಿಗಳು), ಆಮೇಲೆ ಇದು. ಅಕ್ಟೋಬರ್‌ನಲ್ಲಿ ಪ್ಯಾರಿಸ್‌ಗೆ ಮರಳಿದ, ಡಿಸೆಂಬರ್‌ನಲ್ಲಿ ಕ್ಯಾನ್ಸರ್ ಆಪರೇಷನ್ ಆಯಿತು. ಒಟ್ಟು ಆರು ಸೊನಾಟಾ ಬರೆಯಬೇಕೆಂದುಕೊಂಡಿದ್ದ. ನಾಲ್ಕನೆಯದಕ್ಕೆ ಓಬೋ, ಹಾರ್ನ್ ಮತ್ತು ಹಾರ್ಪ್ಸಿಕಾರ್ಡ್ ಅಂತ ಬರೆದಿಟ್ಟಿದ್ದ, ಎಂಥ ಬಣ್ಣ ಇರುತ್ತಿತ್ತು ಯೋಚಿಸಿ! ಮೂರನ್ನೇ ಮುಗಿಸಿದ್ದು. 1918ರ ಮಾರ್ಚ್ 25ರಂದು ಹೋಗಿಬಿಟ್ಟ. ಮುಖಪುಟದಲ್ಲಿ ಹೆಸರಿನ ಜೊತೆ ‘ಫ್ರೆಂಚ್ ಸಂಗೀತಗಾರ’ ಅಂತ ಅಷ್ಟೇ ಹಾಕಿಕೊಂಡಿದ್ದಾನೆ.

ಇದರಲ್ಲಿ ವಯೋಲಾ ಮೊದಲು ಇರಲೇ ಇಲ್ಲ. ಫ್ಲೂಟ್, ಓಬೋ, ಹಾರ್ಪ್ ಅಂತ ಯೋಚಿಸಿದ್ದ, ಆಮೇಲೆ ಬದಲಾಯಿಸಿದ. ನನ್ನ ಅಭಿಪ್ರಾಯದಲ್ಲಿ ಇಡೀ ಕೃತಿಯ ಗುಟ್ಟು ಈ ಒಂದು ಬದಲಾವಣೆಯಲ್ಲಿದೆ. ಓಬೋ ಇದ್ದಿದ್ದರೆ ಉಸಿರಿನ ವಾದ್ಯ ಎರಡು, ಮೀಟುವ ವಾದ್ಯ ಒಂದು, ಎರಡು ಪಾಳಯ. ವಯೋಲಾ ಎರಡೂ ಕಡೆ ಸಲ್ಲುತ್ತದೆ. ಕಮಾನು ಹಗುರವಾಗಿ ಎಳೆದರೆ ಫ್ಲೂಟ್‌ನ ಕೆಳಸ್ಥಾಯಿಗೆ ಹತ್ತಿರ, ಬೆರಳಲ್ಲಿ ಮೀಟಿದರೆ ಹಾರ್ಪ್‌ನ ಜೊತೆ. ಪಿಟೀಲಿನ ಹೊಳಪು ಅದಕ್ಕಿಲ್ಲ, ಇಲ್ಲಿ ಅದು ಬೇಡವೂ ಬೇಡ.

ಶುರುವಿನ ನಾಲ್ಕೈದು ಸಾಲು ಮತ್ತೆ ಕೇಳಿ, ಹೆಡ್‌ಫೋನ್ ಹಾಕಿಕೊಂಡು. ಹಾರ್ಪ್ ಒಂಟಿಯಾಗಿ ಕೆಲವು ಸ್ವರ ಹರಡುತ್ತದೆ, ಅದರ ತುದಿ ಹಿಡಿದು ಫ್ಲೂಟ್ ಏಳುತ್ತದೆ, ಫ್ಲೂಟ್‌ನ ಉಸಿರು ಮುಗಿಯುವ ಜಾಗಕ್ಕೆ ವಯೋಲಾ ಬಂದು ಸೇರಿಕೊಳ್ಳುತ್ತದೆ. ಯಾವುದು ಎಲ್ಲಿ ನಿಂತಿತು ಅಂತ ಗೊತ್ತಾಗಬಾರದು. ನಾನು ಇದನ್ನು ಮೊದಲ ಸಲ ನುಡಿಸಿದಾಗ ಎಷ್ಟು ಮೃದುವಾಗಿ ಹೊಕ್ಕರೂ ನನ್ನ ಕಮಾನು ತಂತಿಗೆ ತಾಗಿದ್ದು ಕೇಳಿಸಿಬಿಡುತ್ತಿತ್ತು. ಮೂರು ವಾರ ಅದೊಂದೇ ಸ್ವರ ಅಭ್ಯಾಸ ಮಾಡಿದೆ. ಕೊನೆಗೆ ಫ್ಲೂಟ್ ನುಡಿಸುವ ಗೆಳತಿ ಉಸಿರು ಎಳೆದುಕೊಳ್ಳುವಾಗ ನಾನೂ ಜೊತೆಗೇ ಉಸಿರೆಳೆಯಲು ಶುರು ಮಾಡಿದೆ, ಆಗ ಸರಿಹೋಯಿತು.

ಮೂರನೇ ಭಾಗ ಬೇರೆ. ಹಾರ್ಪ್ ತಗ್ಗಿನಲ್ಲಿ ಒಂದೇ ಲಯ ಹಿಡಿದು ಬಡಿಯುತ್ತದೆ, ವಯೋಲಾ ಮೀಟುತ್ತದೆ, ಓಟ ಶುರುವಾಗುತ್ತದೆ. ಕೊನೆ ಹತ್ತಿರ ಬಂದಾಗ ಆ ಓಟದ ನಡುವೆ ಮೊದಲ ಭಾಗದ ಶುರುವಿನ ರಾಗ ಒಂದು ಗಳಿಗೆ ಮಾತ್ರ ಬಂದು ಹೋಗುತ್ತದೆ. ನಿಮಗೆ ಏಳಲು ಮನಸ್ಸಾಗದ್ದು ಅಲ್ಲಿಂದಲೇ ಅನ್ನಿಸುತ್ತದೆ ನನಗೆ.

ಮೊದಲು ಸಾರ್ವಜನಿಕವಾಗಿ ನುಡಿಸಿದ್ದು ಫ್ರಾನ್ಸ್‌ನಲ್ಲಿ ಅಲ್ಲ, ಅಮೆರಿಕದ ಬಾಸ್ಟನ್‌ನಲ್ಲಿ, 1916ರ ನವೆಂಬರ್ 7. ಪ್ಯಾರಿಸ್‌ನಲ್ಲಿ ಅದಾದ ಮುಂದಿನ ತಿಂಗಳು ಪ್ರಕಾಶಕ ದ್ಯುರಾಂ ಮನೆಯಲ್ಲಿ ಕೆಲವರ ಎದುರು ನುಡಿಸಿದರು.


ಕಡಲತಡಿ:

ಮೇಲಿನ ಮೂವರೂ ಚೆನ್ನಾಗಿ ಬರೆದಿದ್ದಾರೆ. ಒಂದು ಮಾತು ಮಾತ್ರ ಒಪ್ಪುವುದಿಲ್ಲ. ರವೇಲ್ ಕೃತಿಯನ್ನು ವಾದ್ಯದ ಜಾಹೀರಾತು ಅನ್ನುವ ಹಾಗೆ ಓದಿದರೆ ಅದಕ್ಕೆ ಅನ್ಯಾಯ. ಕೊನೆಯ ಹತ್ತಿರ ಹಾರ್ಪ್ ಒಂದೇ ನುಡಿಸುವ ಭಾಗ ಇದೆಯಲ್ಲ, ಅಲ್ಲಿ ಬೇಕಾದಷ್ಟು ಕಸರತ್ತು ತೋರಿಸಬಹುದಿತ್ತು. ಅವನು ಅಲ್ಲಿ ಶುರುವಿನ ನಿಧಾನದ ರಾಗಗಳನ್ನೇ ಮತ್ತೆ ಕರೆತರುತ್ತಾನೆ, ನೆನಪು ಮಾಡಿಕೊಂಡ ಹಾಗೆ. ಬರೀ ವಾದ್ಯ ಮಾರಲು ಕೂತವನು ಹಾಗೆ ಬರೆಯುವುದಿಲ್ಲ.

ಮುಂದೆ ಏನು ಕೇಳಲಿ ಅಂದಿರಿ. 1922ರಲ್ಲಿ ಪ್ಯಾರಿಸ್‌ನಲ್ಲಿ ಐದು ಜನ ಸೇರಿ ಒಂದು ತಂಡ ಕಟ್ಟಿದರು. ಫ್ಲೂಟ್, ಪಿಟೀಲು, ವಯೋಲಾ, ಚೆಲ್ಲೊ, ಹಾರ್ಪ್. ಫ್ಲೂಟ್‌ಗೆ ರನೆ ಲ ರುವಾ, ಹಾರ್ಪ್‌ಗೆ ಪಿಯೆರ್ ಜಾಮೆ. ಈ ಜಾಮೆ ಯುವಕನಾಗಿದ್ದಾಗ ದೆಬ್ಯುಸಿಯ ಎದುರೇ ಆ ಸೊನಾಟಾ ನುಡಿಸಿದ್ದವರು. ಇಂಥದ್ದೊಂದು ತಂಡ ಇದೆ, ಬರೆದುಕೊಟ್ಟರೆ ಚೆನ್ನಾಗಿ ನುಡಿಸುತ್ತಾರೆ ಅಂತ ಗೊತ್ತಾದಾಗ ಫ್ರಾನ್ಸ್‌ನ ಸಂಗೀತಕಾರರು ಸಾಲಾಗಿ ಬರೆದುಕೊಟ್ಟರು. 1920ರ ದಶಕದಲ್ಲಿ ಅಷ್ಟೊಂದು ಕೃತಿ ಕಾಣುವುದಕ್ಕೆ ಇದು ದೊಡ್ಡ ಕಾರಣ. ಕಂಪನಿಗಳ ಪೈಪೋಟಿ ಬಾಗಿಲು ತೆರೆಯಿತು, ಒಳಗೆ ಮನೆ ಮಾಡಿದವರು ಈ ಐದು ಜನ.

ಮೊದಲು ಆಲ್ಬೇರ್ ರೂಸೆಲ್‌ನ ಸೆರೆನೇಡ್ ಕೇಳಿ, 1925. ನಡುವಿನ ನಿಧಾನದ ಭಾಗಕ್ಕೆ ಹತ್ತು ಸಲವಾದರೂ ವಾಪಸ್ ಬರುತ್ತೀರಿ. ಈ ರೂಸೆಲ್ ನೌಕಾಪಡೆಯಲ್ಲಿದ್ದವನು, ಅದನ್ನು ಬಿಟ್ಟು ಸಂಗೀತಕ್ಕೆ ಬಂದ. 1909ರಲ್ಲಿ ಹೆಂಡತಿಯ ಜೊತೆ ಭಾರತ ಸುತ್ತಿದ್ದಾನೆ. ಎಲ್ಲೋರದ ಗುಹೆ, ಜೈಪುರ, ಕಾಶಿಯ ಗಂಗೆ ಈ ಮೂರರ ನೆನಪಲ್ಲಿ ಆರ್ಕೆಸ್ಟ್ರಾಗೆ ಒಂದು ದೊಡ್ಡ ಕೃತಿ ಬರೆದ, ಚಿತ್ತೋರಿನ ಪದ್ಮಾವತಿಯ ಕಥೆಯನ್ನು ಒಪೆರಾ ಮಾಡಿದ. ಫ್ಲೂಟ್ ಮತ್ತು ಪಿಯಾನೊಗೆ ಬರೆದ ನಾಲ್ಕು ಚಿಕ್ಕ ಕೃತಿಗಳಲ್ಲಿ ಒಂದಕ್ಕೆ ಕೃಷ್ಣ ಅಂತಲೇ ಹೆಸರು. ನೀವು ವೀಣೆ ಕಲಿತವರು, ಅದನ್ನು ಬೇರೆಯೇ ಕಿವಿಯಲ್ಲಿ ಕೇಳುತ್ತೀರಿ.

ಆಮೇಲೆ ಜಾಂ ಕ್ರಾಸ್, ಕ್ವಿಂಟೆಟ್ (ಐದು ವಾದ್ಯಗಳ ಕೃತಿ), 1928. ಇವನೂ ನೌಕಾಪಡೆಯವನೇ, ಬಿಡದೆ ಕೊನೆಗೆ ರಿಯರ್ ಅಡ್ಮಿರಲ್ ಆದ. ನಕ್ಷೆಯ ಮೇಲೆ ಹಡಗಿನ ದಾರಿ ಗುರುತಿಸಲು ಅವನು ಕಂಡುಹಿಡಿದ ಅಳತೆಪಟ್ಟಿ ಅವನ ಹೆಸರಿನಲ್ಲೇ ಇದೆ. ಆ ಕ್ವಿಂಟೆಟ್ ತೆರೆದ ಕಡಲಿನಂಥದ್ದು, ದುಗುಡ ಕಡಿಮೆ.

ಬೆಲ್ಜಿಯಂನ ಜೋಸೆಫ್ ಯೋಂಗೆನ್ ಕೂಡ ಇದೇ ಐದು ವಾದ್ಯಗಳಿಗೆ 1923ರಲ್ಲಿ ಬರೆದಿದ್ದಾನೆ.

ಫ್ರಾನ್ಸ್ ಬಿಟ್ಟು ಹೊರಗೆ ಒಂದೇ ಕೃತಿ ಕೇಳುವುದಾದರೆ ಇಂಗ್ಲೆಂಡಿನ ಆರ್ನಾಲ್ಡ್ ಬ್ಯಾಕ್ಸ್‌ನ ಎಲಿಜಿಯಾಕ್ ಟ್ರಿಯೊ, ಅಂದರೆ ಮೂರು ವಾದ್ಯಗಳ ಶೋಕದ ಕೃತಿ. 1916. ಅದೇ ಫ್ಲೂಟ್, ವಯೋಲಾ, ಹಾರ್ಪ್. ದೆಬ್ಯುಸಿ ಬರೆದ ಮರುವರ್ಷವೇ! ಬ್ಯಾಕ್ಸ್ ಇಂಗ್ಲಿಷಿನವನಾದರೂ ಐರ್ಲೆಂಡ್ ಅಂದರೆ ಪ್ರಾಣ. ಆ ವರ್ಷದ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದಿತು, ಆಮೇಲೆ ಅವನು ಬಲ್ಲ ಪ್ಯಾಟ್ರಿಕ್ ಪಿಯರ್ಸ್‌ನನ್ನೂ ಇತರ ಮುಂದಾಳುಗಳನ್ನೂ ಗುಂಡಿಟ್ಟು ಕೊಂದರು. ಆ ದುಃಖದ ನೆರಳು ಈ ಕೃತಿಯ ಮೇಲಿದೆ. ಹಾರ್ಪ್ ಐರ್ಲೆಂಡಿನ ಗುರುತು ಅನ್ನುವುದನ್ನು ನೆನಪಿಟ್ಟುಕೊಂಡು ಕೇಳಿ.

ರೆಕಾರ್ಡಿಂಗ್ ಬೇಕಾದರೆ ಮೆಲೋಸ್ ಎನ್ಸೆಂಬಲ್ 1960ರ ದಶಕದ ಆರಂಭದಲ್ಲಿ ಮಾಡಿದ್ದನ್ನು ಹುಡುಕಿ, ಹಾರ್ಪ್ ಓಸಿಯನ್ ಎಲ್ಲಿಸ್. ರವೇಲ್, ದೆಬ್ಯುಸಿ, ರೂಸೆಲ್ ಮೂರೂ ಒಂದೇ ತಟ್ಟೆಯಲ್ಲಿವೆ.


ಸಂಜೆಮಲ್ಲಿಗೆ:

ಇಷ್ಟೆಲ್ಲ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ದೆಬ್ಯುಸಿಯ ಶುರುವನ್ನೇ ಆರು ಸಲ ಕೇಳಿದೆ. ಫ್ಲೂಟ್ ಎಲ್ಲಿ ಬಿಟ್ಟಿತು, ವಯೋಲಾ ಎಲ್ಲಿ ಹಿಡಿಯಿತು ಅಂತ ಐದು ಸಲವೂ ಗೊತ್ತಾಗಲಿಲ್ಲ. ಆರನೇ ಸಲ ಸ್ವಲ್ಪ ಗೊತ್ತಾಯಿತು, ಸ್ವರ ಒಂದೇ, ಆದರೆ ಅದರ ಮೈ ಒರಟಾಯಿತು. ಕೊನೆಯಲ್ಲಿ ಮೊದಲ ರಾಗ ಬಂದು ಹೋಗುವುದೂ ಸಿಕ್ಕಿತು.

ರೂಸೆಲ್ ಇನ್ನೂ ಕೇಳಬೇಕು. ಏಳುಮೆಟ್ಟಿಲು ಅವರಿಗೆ ಒಂದು ಪ್ರಶ್ನೆ: ಹಾರ್ಪ್‌ನಲ್ಲಿ ಮೀಟಿದ ತಂತಿ ತಾನಾಗಿ ನಿಲ್ಲುವವರೆಗೂ ಗುಂಯ್ ಅನ್ನುತ್ತಲೇ ಇರುತ್ತದೆಯೇ? ಹಾಗಾದರೆ ಹಳೆಯ ಸ್ವರ ಹೊಸ ಸ್ವರದ ಜೊತೆ ಕಲಸಿಹೋಗುವುದಿಲ್ಲವೇ?


ಏಳುಮೆಟ್ಟಿಲು:

ಹೌದು, ಕಲಸಿಹೋಗುತ್ತದೆ. ಪಿಯಾನೊದಲ್ಲಿ ಮನೆ ಬಿಟ್ಟ ಕೂಡಲೇ ತಂತಿಯ ಮೇಲೆ ಮೆತ್ತೆ ಬಂದು ಕೂರುತ್ತದೆ, ಹಾರ್ಪ್‌ನಲ್ಲಿ ಅಂಥದ್ದೇನೂ ಇಲ್ಲ. ಕೈಯಲ್ಲೇ ನಿಲ್ಲಿಸಬೇಕು. ತಗ್ಗಿನ ತಂತಿಗಳು ತುಂಬಾ ಹೊತ್ತು ಕಂಪಿಸುತ್ತವೆ, ಅವುಗಳ ಮೇಲೆ ಎಡ ಅಂಗೈ ಚಪ್ಪಟೆಯಾಗಿ ಇಟ್ಟು ಸದ್ದು ಅಡಗಿಸುತ್ತಾರೆ. ಮುಂದಿನ ಸಲ ಕಚೇರಿಗೆ ಹೋದಾಗ ಕಾಲಿನ ಜೊತೆ ಎಡಗೈಯನ್ನೂ ನೋಡಿ. ಒಂದು ಸಾಲು ಮುಗಿದ ಮೇಲೆ ಅದು ನಿಧಾನವಾಗಿ ತಂತಿಗಳ ಮೇಲೆ ಬಂದು ಒರಗುತ್ತದೆ.